ನನಗೋಸ್ಕರ ಕೆಂಪು ಬೇಡ

ವೇಲ್ಸ್‌ನ ಕಾರ್ಡಿಫ್ ಸಿಟಿ ಫುಟ್‌ಬಾಲ್ ತಂಡವನ್ನು ಎಲ್ಲರೂ ಕರೆಯೋದೇ ಬ್ಲೂಬರ್ಡ್ಸ್ ಅಂತ, ಅಂದರೆ ನೀಲಿ ಹಕ್ಕಿಗಳು. 2012ರಲ್ಲಿ ಮಲೇಷ್ಯಾದ ಮಾಲೀಕ ವಿನ್ಸೆಂಟ್ ಟಾನ್ ಆ ನೀಲಿ ಅಂಗಿಯನ್ನೇ ಕೆಂಪು ಮಾಡಿಸಿದರು. ಏಷ್ಯಾದಲ್ಲಿ ಕೆಂಪು ಜಾಸ್ತಿ ಓಡುತ್ತೆ ಅನ್ನೋ ಲೆಕ್ಕ. ಲಾಂಛನದಲ್ಲಿ ಹಕ್ಕಿ ಚಿಕ್ಕದಾಗಿ ಕೆಳಗೆ ಸರಿಯಿತು, ಮೇಲೆ ದೊಡ್ಡ ಡ್ರ್ಯಾಗನ್ ಬಂತು. ಚಿಕ್ಕಂದಿನಲ್ಲಿ ನೀಲಿ ಮಫ್ಲರ್ ಸುತ್ತಿಕೊಂಡು ಅಪ್ಪನ ಕೈ ಹಿಡಿದು ಬರುತ್ತಿದ್ದವರು, ದೊಡ್ಡವರಾದ ಮೇಲೆ ತಮ್ಮ ಮಕ್ಕಳ ಜೊತೆ ಅದೇ ತಂಡವನ್ನು ಕೆಂಪಲ್ಲಿ ನೋಡಬೇಕು ಅಂದ್ರೆ ಎಷ್ಟು ಸಂಕಟ ಅಲ್ವಾ?

ಟಾನ್ ದುಡ್ಡು ಸುರಿದಿದ್ದು ನಿಜ. 2013ರಲ್ಲಿ ತಂಡ ಇಂಗ್ಲೆಂಡಿನ ಅತಿ ಮೇಲಿನ ಹಂತವಾದ ಪ್ರೀಮಿಯರ್ ಲೀಗ್‌ಗೂ ಏರಿತು. ಆದರೂ ಜನ ಸುಮ್ನಿರಲಿಲ್ಲ, ನೀಲಿ ಬೇಕು ಅಂತ ಮೆರವಣಿಗೆ ಹೊರಟರು. 2015ರ ಜನವರಿಯಲ್ಲಿ ನೀಲಿ ವಾಪಸ್ ಬಂತು.

ಬೆಂಗಳೂರಲ್ಲಿ ಟಿವಿ ಮುಂದೆ ಕೂರೋ ನಾನೂ ಏಷ್ಯಾದವನೇ. ನನ್ನನ್ನು ಸೆಳೆಯೋಕೆ ಅವರ ಬಣ್ಣ ಕಿತ್ತುಕೊಳ್ಳಬೇಡಿ.