ಬಸ್ಸಿಳಿದು ನೀರಿನ ದಂಡೆ ಹಿಡಿದರೆ

ಕಾರಿನಲ್ಲಿ ಹೋದವರು ಎಷ್ಟು ನಡೆದರೂ ಕೊನೆಗೆ ಕಾರು ನಿಲ್ಲಿಸಿದ ಜಾಗಕ್ಕೇ ಮರಳಬೇಕು. ಬಸ್ಸಿನಲ್ಲಿ ಹೋದವರಿಗೆ ಆ ಕಟ್ಟುಪಾಡಿಲ್ಲ. ಸರೋವರದ ಈ ತುದಿಯಲ್ಲಿ ಇಳಿದು ಆ ತುದಿಯಲ್ಲಿ ಹತ್ತಿದರಾಯಿತು, ತುಳಿದ ದಾರಿಯನ್ನೇ ಮತ್ತೆ ತುಳಿಯಬೇಕಿಲ್ಲ. ಸುಲಭದ ಚಾರಣ ಹುಡುಕುವವರಿಗೆ ನೀರಿನ ದಂಡೆಯೂ ಬಸ್ಸೂ ಹೇಳಿ ಮಾಡಿಸಿದ ಜೋಡಿ. ದಂಡೆಯ ದಾರಿಯಲ್ಲಿ ಏರಿಳಿತ ಕಡಿಮೆ, ನೀರು ಒಂದೇ ಪಕ್ಕಕ್ಕೆ ಇರುವುದರಿಂದ ದಿಕ್ಕು ತಪ್ಪುವ ಭಯವೂ ಕಡಿಮೆ. ಆದರೆ ಇಂಥ ದಿನವನ್ನು ಸಂಜೆಯಿಂದ ಹಿಂದಕ್ಕೆ ಲೆಕ್ಕ ಹಾಕಿಕೊಂಡು ಬರಬೇಕು. ಬೆಳಗ್ಗೆ ಯಾವ ಬಸ್ಸು ಎಂದು ಮೊದಲು ನೋಡುವವರೇ ಕತ್ತಲಲ್ಲಿ ರಸ್ತೆ ಬದಿ ನಿಲ್ಲುವುದು.

ಮೊದಲು ಕೊನೆಯ ಬಸ್ಸಿನ ಹೊತ್ತು ಗೊತ್ತುಮಾಡಿಕೊಳ್ಳಿ. ಆಮೇಲೆ ಅದನ್ನು ಮರೆತು ಅದರ ಹಿಂದಿನ ಬಸ್ಸನ್ನು ಗುರಿಯಾಗಿಟ್ಟುಕೊಳ್ಳಿ. ಕೊನೆಯದು ಕಾಲು ಉಳುಕಿದ ದಿನಕ್ಕೆ, ಮಳೆ ಹಿಡಿದ ದಿನಕ್ಕೆ ಇರಲಿ. ವೇಳಾಪಟ್ಟಿ ಓದುವಾಗ ಜನ ಎಡವುವುದು ಹೊತ್ತಿನಲ್ಲಲ್ಲ, ವಾರದಲ್ಲಿ. ಶಾಲೆಯ ದಿನ ಮಾತ್ರ ಓಡುವ ಬಸ್ಸು, ಭಾನುವಾರ ಇಲ್ಲದ ಬಸ್ಸು, ಒಂದು ಋತುವಿಗಷ್ಟೇ ಇರುವ ಬಸ್ಸು ಎಲ್ಲವೂ ಒಂದೇ ಹಲಗೆಯ ಮೇಲೆ ಇರುತ್ತವೆ. ವ್ಯತ್ಯಾಸ ಹೇಳುವುದು ಪಕ್ಕದ ಪುಟ್ಟ ಅಕ್ಷರ ಅಥವಾ ನಕ್ಷತ್ರದ ಗುರುತು ಮಾತ್ರ. ನಾವು ಚಾರಣಕ್ಕೆ ಹೊರಡುವುದು ರಜೆಯ ದಿನ, ಆ ಪಟ್ಟಿಯ ಅರ್ಧ ಬಸ್ಸುಗಳಿಗೂ ಅಂದೇ ರಜೆ.

ಫೋನಿನ ಆ್ಯಪ್ ತೋರಿಸುವುದನ್ನೂ ಸ್ವಲ್ಪ ಅರಿತು ನಂಬಬೇಕು. ಜಗತ್ತಿನ ಬಹಳಷ್ಟು ಸಾರಿಗೆ ಸಂಸ್ಥೆಗಳು ತಮ್ಮ ವೇಳಾಪಟ್ಟಿಯನ್ನು ಜಿಟಿಎಫ್‌ಎಸ್ ಎಂಬ ಕಡತದ ರೂಪದಲ್ಲಿ ಕೊಡುತ್ತವೆ. 2005ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡಿನ ಟ್ರೈಮೆಟ್ ಸಂಸ್ಥೆ ಮತ್ತು ಗೂಗಲ್ ಸೇರಿ ಮಾಡಿದ ಏರ್ಪಾಡು ಅದರ ಮೂಲ. ಯಾವ ವಾರ ಯಾವ ಬಸ್ಸು, ಯಾವ ತಾರೀಖಿಗೆ ರಜೆ ಎಂಬುದು ಆ ಕಡತದಲ್ಲಿ ಬೇರೆಯಾಗಿ ಬರೆದಿರುತ್ತದೆ. ಆ ಭಾಗವನ್ನು ಹೊಸದು ಮಾಡದಿದ್ದರೆ ಆ್ಯಪಿನಲ್ಲಿ ಬಸ್ಸು ಬರುತ್ತದೆ, ರಸ್ತೆಯಲ್ಲಿ ಬರುವುದಿಲ್ಲ. ಹಾಗಾಗಿ ಆ್ಯಪ್ ನೋಡಿ ಯೋಜನೆ ಹಾಕಿ, ನಿಲ್ದಾಣದ ಹಲಗೆ ನೋಡಿ ಖಚಿತಪಡಿಸಿಕೊಳ್ಳಿ, ಸಾಧ್ಯವಾದರೆ ಡ್ರೈವರನ್ನೋ ಕಂಡಕ್ಟರನ್ನೋ ಒಂದು ಮಾತು ಕೇಳಿ. ಈ ಮೂರರಲ್ಲಿ ಒಂದನ್ನೇ ಆರಿಸಬೇಕೆಂದರೆ ನಾನು ಕೊನೆಯದನ್ನು ಆರಿಸುತ್ತೇನೆ.

ಯಾವ ತುದಿಯಿಂದ ಶುರು ಮಾಡಬೇಕು? ಬಸ್ಸು ಅಪರೂಪವಾಗಿರುವ ಕಡೆ ಇಳಿದು, ಬಸ್ಸು ಹೆಚ್ಚಿರುವ ಕಡೆ ಮುಗಿಸಬೇಕು. ಬೆಳಗಿನ ಬಸ್ಸು ಹಿಡಿಯುವುದು ನಮ್ಮ ಕೈಯಲ್ಲಿದೆ. ನಡಿಗೆ ಮುಗಿಯುವ ಹೊತ್ತು ಅಷ್ಟಾಗಿ ನಮ್ಮ ಕೈಯಲ್ಲಿಲ್ಲ. ಅರ್ಧ ಗಂಟೆಗೊಂದು ಬಸ್ಸಿರುವ ಕಡೆ ಮುಗಿಸಿದರೆ ಇಪ್ಪತ್ತು ನಿಮಿಷ ತಡವಾದರೂ ಚಿಂತೆಯಿಲ್ಲ, ದಿನಕ್ಕೆ ಮೂರೇ ಬಸ್ಸಿರುವ ಕಡೆ ಅದೇ ಇಪ್ಪತ್ತು ನಿಮಿಷ ರಾತ್ರಿಯನ್ನೇ ನುಂಗುತ್ತದೆ.

ಈಗ ಹೊತ್ತಿನ ಲೆಕ್ಕ. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟ ಸೂತ್ರ ಇಂದಿಗೂ ಬಳಕೆಯಲ್ಲಿದೆ: ಸುಮಾರು 5 ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ 600 ಮೀಟರು ಏರಿಗೆ ಇನ್ನೊಂದು ಗಂಟೆ. ಅದು ಗಟ್ಟಿ ಕಾಲಿನವರ ಲೆಕ್ಕ, ನಿಲ್ಲದೆ ನಡೆಯುವವರ ಲೆಕ್ಕ. ಮಕ್ಕಳು, ಹಿರಿಯರು, ಹೊಸಬರು ಜೊತೆಗಿದ್ದರೆ ಗಂಟೆಗೆ 4 ಕಿಲೋಮೀಟರು ಎಂದಿಟ್ಟುಕೊಳ್ಳಿ. ದಂಡೆಯ ದಾರಿಗೆ ಇನ್ನೊಂದು ತಿದ್ದುಪಡಿ ಬೇಕು. ನಕ್ಷೆಯ ಮೇಲೆ ಬೆರಳಲ್ಲಿ ಅಳೆದ ಗೆರೆ ಯಾವಾಗಲೂ ಕಾಲಡಿಯ ದಾರಿಗಿಂತ ಗಿಡ್ಡ, ಏಕೆಂದರೆ ದಂಡೆಯ ಸಣ್ಣ ಸಣ್ಣ ಒಳಚಾಚುಗಳು ನಕ್ಷೆಯಲ್ಲಿ ನುಣುಪಾಗಿ ಹೋಗಿರುತ್ತವೆ. ನೂರಕ್ಕೆ ಹತ್ತು ಸೇರಿಸಿದರೆ ಸಾಮಾನ್ಯವಾಗಿ ಸರಿಹೊಂದುತ್ತದೆ.

ಒಂದು ಲೆಕ್ಕ ಮಾಡಿ ನೋಡೋಣ. ನಕ್ಷೆಯಲ್ಲಿ 12 ಕಿಲೋಮೀಟರು, ಒಟ್ಟು ಏರು 150 ಮೀಟರು. ನೂರಕ್ಕೆ ಹತ್ತರಂತೆ ಸೇರಿಸಿದರೆ 13 ಕಿಲೋಮೀಟರಿಗೆ ಚೂರು ಹೆಚ್ಚು, ಅದಕ್ಕೆ 3 ಗಂಟೆ 20 ನಿಮಿಷ. ಏರಿಗೆ 15 ನಿಮಿಷ. ಕೂರಲು, ತಿನ್ನಲು, ಹಕ್ಕಿ ನೋಡಲು ಒಂದು ಗಂಟೆ. ಒಟ್ಟು 4 ಗಂಟೆ 35 ನಿಮಿಷ. ಕೊನೆಯ ಬಸ್ಸು 6:10ಕ್ಕೆ, ಅದರ ಹಿಂದಿನದು 4:50ಕ್ಕೆ ಇದ್ದರೆ ನಿಲ್ದಾಣದಲ್ಲಿ 4:35ಕ್ಕೆ ಇರಬೇಕು. ಅಂದರೆ ಮಧ್ಯಾಹ್ನ 12ಕ್ಕೆ ಮೊದಲ ಹೆಜ್ಜೆ. 11:40ಕ್ಕೆ ಇಳಿಸುವ ಬಸ್ಸು ಸಾಕು, 12:30ಕ್ಕೆ ಇಳಿಸುವುದು ಬೇಡ. ಮನೆಯಿಂದ ಹೊರಡುವ ಹೊತ್ತು ಹೀಗೆ ಕೊನೆಯಲ್ಲಿ ಸಿಗುತ್ತದೆ. ಅರ್ಧ ದಾರಿಯ ಗುರುತೊಂದನ್ನು, ಸೇತುವೆಯೋ ದೋಣಿಕಟ್ಟೆಯೋ ಯಾವುದಾದರೂ ಸರಿ, ಆರಿಸಿ 2:20ರೊಳಗೆ ಅಲ್ಲಿರಬೇಕೆಂದು ಬರೆದಿಟ್ಟುಕೊಳ್ಳಿ. ರಸ್ತೆ ದಂಡೆಯ ಸಮೀಪ ಬರುವ ನಡುವಿನ ನಿಲ್ದಾಣಗಳನ್ನೂ ಗುರುತು ಮಾಡಿ. ಅರ್ಧದಾರಿ ತಡವಾದರೆ ಬೇಸರಿಸದೆ ಅಂಥದೊಂದು ನಿಲ್ದಾಣಕ್ಕೆ ತಿರುಗಬೇಕು.

ನಕ್ಷೆಯಲ್ಲಿ ದಂಡೆ ಸಪಾಟಾಗಿ ಕಂಡರೂ ಎರಡು ಕಡೆ ಅದು ಮೋಸ ಮಾಡುತ್ತದೆ. ಒಂದು, ಎತ್ತರಗೆರೆಗಳು, ಅಂದರೆ ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ನಕ್ಷೆಯ ಗೆರೆಗಳು, ಒತ್ತಾಗಿ ನೀರಿನವರೆಗೆ ಬಂದಿರುವಲ್ಲಿ. ಅಲ್ಲಿ ಬಂಡೆ ನೇರ ನೀರಿಗಿಳಿದಿರುತ್ತದೆ, ದಾರಿ ಮೇಲೆ ಹತ್ತಿ ಸುತ್ತುತ್ತದೆ. ಇನ್ನೊಂದು, ಹಳ್ಳ ಬಂದು ಸೇರುವಲ್ಲಿ. ಹರಿಯುವ ನೀರು ನಿಂತ ನೀರಿಗೆ ಸೇರಿದೊಡನೆ ವೇಗ ಕಳೆದುಕೊಂಡು ಹೊತ್ತು ತಂದ ಮರಳನ್ನೂ ಹೂಳನ್ನೂ ಅಲ್ಲೇ ಇಳಿಸುತ್ತದೆ. ಆದ್ದರಿಂದ ಹಳ್ಳದ ಬಾಯಿ ಬೀಸಣಿಗೆಯಂತೆ ಹರಡಿದ ಜವುಗು. ಸೇತುವೆ ಸಾಮಾನ್ಯವಾಗಿ ಇನ್ನೂ ಮೇಲಕ್ಕೆ, ಹಳ್ಳ ಕಿರಿದಾಗಿರುವಲ್ಲಿ ಇರುತ್ತದೆ. ಜೊಂಡಿನ ನಡುವೆ ಅಡ್ಡದಾರಿ ಹುಡುಕುವುದಕ್ಕಿಂತ ಸೇತುವೆಗೆ ಸುತ್ತಿಬರುವುದೇ ಬೇಗ.

ಜಲಾಶಯವಾದರೆ ಇನ್ನೊಂದು ಎಚ್ಚರ ಬೇಕು, ಇದನ್ನು ಒತ್ತಿ ಹೇಳುತ್ತೇನೆ. ನೀರು ಇಳಿದಾಗ ದಂಡೆ ಮತ್ತು ನೀರಿನ ನಡುವೆ ಅಗಲವಾದ ಬೋಳು ಪಟ್ಟಿ ಬಿಡುತ್ತದೆ. ಮೇಲೆ ಒಣಗಿ ಬಿರಿದ ಮಣ್ಣು, ಹಂಚಿನ ಚೂರುಗಳಂತೆ ಅಂಚು ಮೇಲೆದ್ದ ಬಿಲ್ಲೆಗಳು. ನೀರಿನ ಕಡೆಗೆ ಹೋದಂತೆ ಬಿಲ್ಲೆಗಳ ನಡುವಿನ ಬಿರುಕು ಕಿರಿದಾಗುತ್ತದೆ, ಬಣ್ಣ ಗಾಢವಾಗುತ್ತದೆ, ಆಮೇಲೆ ಮೇಲ್ಮೈ ಮಿಂಚತೊಡಗುತ್ತದೆ. ಕೋಲು ಚುಚ್ಚಿ ನೋಡಿ: ಮೇಲಿನ ಪದರ ಪಟ್ಟನೆ ಒಡೆದು, ಕೋಲು ತಡೆಯಿಲ್ಲದೆ ಒಂದು ಮೊಳ ಇಳಿದು, ಎಳೆದಾಗ ಬೂದು ಕೆಸರು ಕಚ್ಚಿಕೊಂಡು ಬರುತ್ತದೆ. ಅಲ್ಲಿಗೆ ಹೆಜ್ಜೆ ನಿಲ್ಲಿಸಿ. ಕಾಲು ಹೂತರೆ ಜೋರಾಗಿ ಎಳೆಯಬೇಡಿ, ಎಳೆದಷ್ಟೂ ಅಡಿಯಲ್ಲಿ ಗಾಳಿಯಿಲ್ಲದ ಜಾಗವಾಗಿ ಕೆಸರು ಇನ್ನೂ ಹಿಡಿಯುತ್ತದೆ, ಇನ್ನೊಂದು ಕಾಲೂ ಇಳಿಯುತ್ತದೆ. ಹಿಂದಕ್ಕೆ ವಾಲಿ ಕುಳಿತು ಭಾರ ಹರಡಿ, ಪಾದವನ್ನು ಸಣ್ಣಗೆ ಅಲ್ಲಾಡಿಸುತ್ತ ಪಕ್ಕದಿಂದ ನೀರು ಒಳಗೆ ಹೋಗಲು ಬಿಡಿ. ಬಟ್ಟೆ ಕೆಸರಾಗುತ್ತದೆ, ಕಾಲು ಬರುತ್ತದೆ. ಅಣೆಕಟ್ಟಿನ ಕೆಳಗಿನ ನದೀಪಾತ್ರಕ್ಕೆ ಮಾತ್ರ ಇಳಿಯಲೇಬೇಡಿ, ನೀರು ಬಿಡುವುದು ಅಲ್ಲಿನ ಆಕಾಶ ನೋಡಿಕೊಂಡಲ್ಲ.

ಬಿಸಿಲು ಮತ್ತು ಗಾಳಿ ಸಹ ದಾರಿ ಆರಿಸಲು ನೆರವಾಗುತ್ತವೆ. ಎರಡೂ ಕಡೆ ಗುಡ್ಡಗಳಿದ್ದರೆ ಪೂರ್ವದ ದಂಡೆಗೆ ಬೆಳಗ್ಗೆ ನೆರಳು, ಪಶ್ಚಿಮದ ದಂಡೆಗೆ ಸಂಜೆ ನೆರಳು. ಸೆಖೆಯಲ್ಲಿ ಆ ಹೊತ್ತಿಗೆ ಆ ದಂಡೆ ಹಿಡಿಯಿರಿ, ಚಳಿಯಲ್ಲಿ ತಿರುಗುಮುರುಗು ಮಾಡಿ. ಬೆಳಗ್ಗೆ ಕನ್ನಡಿಯಂತಿದ್ದ ದೊಡ್ಡ ಸರೋವರ ಮಧ್ಯಾಹ್ನದ ಹೊತ್ತಿಗೆ ಅಲೆಯಾಡುವುದಕ್ಕೆ ಕಾರಣ, ನೆಲ ನೀರಿಗಿಂತ ಬೇಗ ಕಾಯುವುದು. ನೆಲದ ಮೇಲಿನ ಬಿಸಿ ಗಾಳಿ ಏರಿದಂತೆ ನೀರಿನ ಮೇಲಿನ ತಂಪು ಗಾಳಿ ದಂಡೆಗೆ ನುಗ್ಗುತ್ತದೆ. ಬೆವೆತು ಕುಳಿತವರಿಗೆ ಅದು ಹಿತವಾಗಿ ಶುರುವಾಗಿ ಸ್ವಲ್ಪದರಲ್ಲೇ ನಡುಕ ಹುಟ್ಟಿಸುತ್ತದೆ, ತೆಳುವಾದ ಗಾಳಿತಡೆ ಜಾಕೆಟ್ಟೊಂದು ಚೀಲದ ಮೇಲ್ಭಾಗದಲ್ಲೇ ಇರಲಿ.

ಗಾಳಿ ನೂಕುವ ದಂಡೆಯಲ್ಲೇ ನೀಲಿಹಸಿರು ಪಾಚಿಯೂ ಒಟ್ಟಾಗುವುದು. ಹಸಿರು ಬಣ್ಣದ ಡಬ್ಬಿ ಚೆಲ್ಲಿದಂತೆ ಕೆನೆ ಕಟ್ಟಿದ್ದರೆ ಆ ನೀರಿಗೆ ಕೈ ಹಾಕಬೇಡಿ, ಮಕ್ಕಳನ್ನೂ ನಾಯಿಯನ್ನೂ ದೂರ ಇಡಿ. ನಾಯಿಗಳು ಇಂಥ ನೀರು ಕುಡಿದು, ಮೈ ನೆಕ್ಕಿಕೊಂಡು ಸತ್ತದ್ದುಂಟು. ಕುದಿಸಿದರೆ ಕ್ರಿಮಿ ಸಾಯುತ್ತದೆ, ಆ ಪಾಚಿಯ ವಿಷ ಹೋಗುವುದಿಲ್ಲ. ಅರ್ಧ ದಿನದ ನಡಿಗೆಗೆ ನೀರು ಮನೆಯಿಂದಲೇ ಹೊತ್ತೊಯ್ಯುವುದು ಸರಿ. ತಲೆಗೆ ಗಂಟೆಗೆ ಅರ್ಧ ಲೀಟರು, ಸೆಖೆಯಲ್ಲಿ ಇನ್ನೂ ಹೆಚ್ಚು.

ಗುಡುಗು ಕೇಳಿದರೆ ದಂಡೆಯಿಂದಲೂ ಒಂಟಿ ಮರದಿಂದಲೂ ದೂರ ಸರಿಯಿರಿ. ಮಿಂಚಿಗೂ ಗುಡುಗಿಗೂ ನಡುವೆ ಮೂರು ಸೆಕೆಂಡಿಗೆ ಒಂದು ಕಿಲೋಮೀಟರು ಎಂಬ ಲೆಕ್ಕ ದೂರ ತಿಳಿಯಲು ಸಾಕು, ಆದರೆ ಗುಡುಗು ಕೇಳಿಸಿತೆಂದರೆ ಮಿಂಚು ಹೊಡೆಯುವಷ್ಟು ಹತ್ತಿರವೇ ಇದ್ದೇವೆ. ತೆರೆದ ಬಸ್ ತಂಗುದಾಣ ಮಳೆ ತಡೆಯುತ್ತದೆ, ಸಿಡಿಲು ತಡೆಯುವುದಿಲ್ಲ. ಕಿಟಕಿ ಮುಚ್ಚಿದ ಬಸ್ಸು ಮಾತ್ರ ಒಳ್ಳೆಯ ಆಸರೆ, ಸಿಡಿಲು ಅದರ ಲೋಹದ ಮೈಮೇಲಿಂದಲೇ ನೆಲಕ್ಕಿಳಿಯುತ್ತದೆ. ಕೊನೆಯ ಗುಡುಗು ಕೇಳಿದ ಮೇಲೆ 30 ನಿಮಿಷ ಕಾದು ದಾರಿ ಹಿಡಿಯಬೇಕು. ಆ ಅರ್ಧ ಗಂಟೆಯನ್ನು ತುಂಬಿಕೊಡುವುದೇ ಕೊನೆಯ ಬಸ್ಸು.

ನಿಲ್ದಾಣಕ್ಕೆ ಹತ್ತಿರ ಬಂದಾಗ ಬೂಟಿನ ಅಟ್ಟೆಯ ಕೆಸರನ್ನು ಕಡ್ಡಿಯಿಂದ ಅಲ್ಲೇ ಕೆದರಿ ಉದುರಿಸಿ. ಬಸ್ಸಿನ ನೆಲ ಚೊಕ್ಕಟವಾಗಿರುತ್ತದೆ, ಈ ನೀರಿನ ಬೀಜವೋ ಜೀವಿಯ ಮೊಟ್ಟೆಯೋ ಮುಂದಿನ ಸರೋವರಕ್ಕೆ ದಾಟುವುದೂ ತಪ್ಪುತ್ತದೆ. ಒಣ ಕಾಲುಚೀಲ ಹಾಕಿಕೊಂಡು, ಯಾವ ಬದಿಯಲ್ಲಿ ನಿಂತಿದ್ದೀರಿ ನೋಡಿ. ಹಳ್ಳಿಗಾಡಿನ ರಸ್ತೆಯಲ್ಲಿ ಎಷ್ಟೋ ಸಲ ಒಂದೇ ಬದಿಗೆ ಕಂಬವಿರುತ್ತದೆ, ಬಸ್ಸು ಎರಡೂ ಬದಿಗೆ ನಿಲ್ಲುತ್ತದೆ. ಬೆಳಗ್ಗೆ ಬಸ್ಸಿನಲ್ಲಿ ಬರುವಾಗಲೇ ಈ ನಿಲ್ದಾಣ ದಾಟಿದ್ದರೆ ಎದುರು ಬದಿಯನ್ನು ಆಗಲೇ ಗಮನಿಸಿಟ್ಟುಕೊಂಡಿರಬೇಕು. ತಿರುವಿನಲ್ಲಿ ನಿಲ್ಲದೆ ಡ್ರೈವರಿಗೆ ನೂರು ಮೀಟರು ಮೊದಲೇ ಕಾಣುವಂತೆ ನಿಂತು, ಕೈಯನ್ನು ಪೂರ್ತಿ ಚಾಚಿ. ಮಬ್ಬುಗತ್ತಲಾದರೆ ಟಾರ್ಚನ್ನು ಡ್ರೈವರಿನ ಕಣ್ಣಿಗೆ ಬಿಡಬೇಡಿ, ಚಾಚಿದ ನಿಮ್ಮ ಅಂಗೈಯ ಮೇಲೆ ಬಿಡಿ.