ಮನೆ ಮಾರುವ ಮುಂಚಿನ ತಪಾಸಣೆ: ನಮ್ಮ ಡೈರಿ

ಮಾರ್ಚ್ 8, 2025

ನ್ಯೂಜೆರ್ಸಿಯ ಹಿಲ್ಸ್‌ಬರೋದಲ್ಲಿರುವ ನಮ್ಮ ಮನೆ ಮಾರುವ ನಿರ್ಧಾರ ಕೊನೆಗೂ ಗಟ್ಟಿಯಾಯಿತು. ಇಲ್ಲಿ ಕೊಳ್ಳುವವರು ತಮ್ಮ ಕಡೆಯ ಇನ್‌ಸ್ಪೆಕ್ಟರನ್ನು ಕರೆತಂದು ಬೇಸ್‌ಮೆಂಟ್‌ನಿಂದ ಚಾವಣಿವರೆಗೆ ನೋಡಿಸುತ್ತಾರೆ. ಆಮೇಲೆ ಪಟ್ಟಿ ಹಿಡಿದು ಚೌಕಾಸಿ. ಆ ಪಟ್ಟಿ ಮೊದಲು ನಮ್ಮ ಕೈಗೆ ಬರಲಿ ಅಂತ ನಾವೇ ಒಬ್ಬ ಇನ್‌ಸ್ಪೆಕ್ಟರನ್ನು ಗೊತ್ತು ಮಾಡಿದೆವು. ನೆಲದಿಂದ ಮನೆಯೊಳಗೆ ನುಗ್ಗುವ ರೇಡಾನ್ ಎಂಬ ವಿಕಿರಣ ಸೂಸುವ ಅನಿಲದ ಪರೀಕ್ಷೆಯೂ ಸೇರಿ 650 ಡಾಲರ್.

"ದುಡ್ಡು ಕೊಟ್ಟು ನಮ್ಮ ಮನೆ ಹುಳುಕು ನಾವೇ ಹುಡುಕಿಸೋದಾ?" ಅಂದಳು ಹೆಂಡತಿ. ಅವಳ ಮಾತಲ್ಲೂ ಹುರುಳಿದೆ. ಗೊತ್ತಾದ ದೋಷವನ್ನು ಮುಚ್ಚಿಡುವ ಹಾಗಿಲ್ಲ. 2024ರ ಆಗಸ್ಟ್‌ನಿಂದ ಈ ರಾಜ್ಯದಲ್ಲಿ ಮಾರುವವರು ಮನೆಯ ಸ್ಥಿತಿ ತಿಳಿಸುವ ಫಾರಂ ತುಂಬಿಕೊಡಲೇಬೇಕು.

ಮಾರ್ಚ್ 15

ಇಡೀ ದಿನ ಸಾಮಾನು ಸರಿಸುವುದೇ ಆಯಿತು. ಇನ್‌ಸ್ಪೆಕ್ಟರ್ ನಮ್ಮ ಸಾಮಾನು ಎತ್ತಿಡುವುದಿಲ್ಲ. ಕೈಗೆ ಸಿಗದ್ದನ್ನು "ನೋಡಲಾಗಲಿಲ್ಲ" ಅಂತ ಬರೆದು ಮುಂದೆ ಹೋಗುತ್ತಾನೆ. ನಮ್ಮ ಎಲೆಕ್ಟ್ರಿಕ್ ಪ್ಯಾನೆಲ್ ಮುಂದೆ ಸೋನಾ ಮಸೂರಿ ಮೂಟೆ, ಮನೆ ಬೆಚ್ಚಗಿಡುವ ಫರ್ನೆಸ್ ಮುಂದೆ ಊರಿಂದ ತಂದ ಸೂಟ್‌ಕೇಸ್‌ಗಳ ಗುಡ್ಡೆ. ಅಟ್ಟಕ್ಕೆ ಹತ್ತುವ ಕಿಂಡಿಯ ಕೆಳಗೆ ನವರಾತ್ರಿಯ ಗೊಂಬೆ ಪೆಟ್ಟಿಗೆಗಳು. ಸೊಂಟ ಹಿಡಿದುಕೊಂಡಿದೆ.

ಮಾರ್ಚ್ 16

ಮೂರೂವರೆ ಗಂಟೆ ಹಿಡಿಯಿತು. ಮೊದಲು ಹೊರಗೆ ಒಂದು ಸುತ್ತು. ಚಾವಣಿಯ ನೀರು ಇಳಿಯುವ ಪೈಪು ಗೋಡೆ ಬುಡದಲ್ಲೇ ನೀರು ಸುರಿಯುತ್ತಿತ್ತು. ಗೋಡೆಯಿಂದ ಮೊದಲ 10 ಅಡಿಯಲ್ಲಿ ನೆಲ 6 ಇಂಚಾದರೂ ಇಳಿಜಾರಾಗಿರಬೇಕಂತೆ. ನಮ್ಮದು ತಟ್ಟೆ ಥರ ಸಪಾಟು.

ಅಡುಗೆಮನೆಯಲ್ಲಿ ನನ್ನ ಮುಖ ಸಣ್ಣದಾಯಿತು. ಸಿಂಕ್ ಪಕ್ಕದ ಪ್ಲಗ್‌ಗೆ ಅವನು ಮೂರು ಸಣ್ಣ ದೀಪಗಳಿರುವ ಒಂದು ಟೆಸ್ಟರ್ ಚುಚ್ಚಿ ಬಟನ್ ಒತ್ತಿದ. 5 ಮಿಲಿಆಂಪಿಯರ್‌ನಷ್ಟು ಕರೆಂಟ್ ಸೋರಿದರೂ ಆ ಪ್ಲಗ್ ಟಪ್ ಅಂತ ಬಂದ್ ಆಗಬೇಕು. ಆಗಲಿಲ್ಲ. ಇನ್ನೊಮ್ಮೆ ಒತ್ತಿದ. ದೀಪಗಳು ಆರಾಮಾಗಿ ಉರಿಯುತ್ತಲೇ ಇದ್ದವು. ಹನ್ನೆರಡು ವರ್ಷದಿಂದ ಒದ್ದೆ ಕೈಯಲ್ಲಿ ಮಿಕ್ಸಿ ಹಾಕಿದ್ದು ಅದೇ ಪ್ಲಗ್‌ಗೆ. ತಿಂಗಳಿಗೊಮ್ಮೆ ಅದರ ಮೇಲಿನ ಟೆಸ್ಟ್ ಬಟನ್ ಒತ್ತಿ ನೋಡಬೇಕಂತೆ. ಅದು ಬಟನ್ ಅಂತಲೇ ನನಗೆ ಹೊಳೆದಿರಲಿಲ್ಲ.

ಅಟ್ಟದಲ್ಲಿ ಇನ್ನೂ ದೊಡ್ಡದು ಕಾದಿತ್ತು. ಟಾರ್ಚ್ ಬಿಟ್ಟು "ಇಲ್ಲಿ ನೋಡಿ" ಅಂದ. ಚಾವಣಿ ಹಲಗೆಯಿಂದ ಹೊರಚಾಚಿದ ಮೊಳೆಗಳ ತುದಿಯೆಲ್ಲ ತುಕ್ಕು. ಸುತ್ತ ಎರಡು ತಟ್ಟೆಯಗಲ ಕಪ್ಪು ಬೂಷ್ಟು. ಕೆಳಗಿನ ಬಚ್ಚಲಿನ ಎಕ್ಸಾಸ್ಟ್ ಫ್ಯಾನಿನ ಕೊಳವೆ ಕಳಚಿ ಬಿದ್ದಿತ್ತು. ಬಿಸಿನೀರಿನ ಹಬೆ ಹೊರಗೆ ಹೋಗುವ ಬದಲು ಅಟ್ಟಕ್ಕೇ ನುಗ್ಗಿ, ಚಳಿಗಾಲದಲ್ಲಿ ತಣ್ಣಗಿನ ಮೊಳೆಗಳ ಮೇಲೆ ಹನಿಗಟ್ಟುತ್ತಿತ್ತು. ಆ ಕೊಳವೆಯನ್ನು 2015ರಲ್ಲಿ ಬರೀ ಟೇಪ್ ಸುತ್ತಿ ಜೋಡಿಸಿದ ಮಹಾನುಭಾವ ನಾನೇ. ಹೆಂಡತಿಗೆ "ಅದೇನೋ ಕಳಚಿದೆ" ಅಂದೆ, ಅಷ್ಟೇ.

ಮಾರ್ಚ್ 20

ರೇಡಾನ್ ಯಂತ್ರವನ್ನು ಬೇಸ್‌ಮೆಂಟ್‌ನಲ್ಲಿ 48 ಗಂಟೆ ಇಟ್ಟಿದ್ದರು. ಅದಕ್ಕೂ 12 ಗಂಟೆ ಮುಂಚಿನಿಂದ ಕಿಟಕಿ ಎಲ್ಲ ಮುಚ್ಚಿರಬೇಕು. ಹಾಗಾಗಿ ಇಂಗಿನ ಒಗ್ಗರಣೆಗೂ ರಜೆ.

ಬಂದ ಅಂಕಿ ಲೀಟರ್ ಗಾಳಿಗೆ 5.2 ಪಿಕೊಕ್ಯೂರಿ (ವಿಕಿರಣ ಅಳೆಯುವ ಮಾನ). 4 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಸರಿಪಡಿಸಿ ಅನ್ನುವುದು ಅಮೆರಿಕದ ಪರಿಸರ ಇಲಾಖೆಯ ಮಾತು. ಮಣ್ಣಿನಲ್ಲಿರುವ ಯುರೇನಿಯಂ ಕ್ಷಯಿಸುತ್ತಾ ಹುಟ್ಟುವ ಅನಿಲ ಇದು. ಬಣ್ಣ ಇಲ್ಲ, ವಾಸನೆ ಇಲ್ಲ, ನೆಲದ ಬಿರುಕಿನಿಂದ ಮೇಲೇರುತ್ತದೆ. 1984ರಲ್ಲಿ ಪಕ್ಕದ ಪೆನ್ಸಿಲ್ವೇನಿಯಾದಲ್ಲಿ ಅಣುವಿದ್ಯುತ್ ಸ್ಥಾವರದ ಎಂಜಿನಿಯರ್ ಒಬ್ಬರು ಕೆಲಸಕ್ಕೆ ಹೋದರೆ ವಿಕಿರಣದ ಅಲಾರಂ ಬಡಿದುಕೊಳ್ಳುತ್ತಿತ್ತು. ಹುಡುಕಿದರೆ ವಿಕಿರಣ ಅವರಿಗೆ ಅಂಟಿದ್ದು ಸ್ಥಾವರದಲ್ಲಲ್ಲ, ಸ್ವಂತ ಮನೆಯಲ್ಲಿ! ಮನೆಗಳ ರೇಡಾನ್ ಬಗ್ಗೆ ಈ ದೇಶ ಎಚ್ಚೆತ್ತಿದ್ದು ಆಮೇಲೆ. ನನ್ನ ಯೋಗದ ಚಾಪೆ ಹದಿನಾಲ್ಕು ವರ್ಷ ಇದ್ದದ್ದು ಬೇಸ್‌ಮೆಂಟ್‌ನಲ್ಲೇ.

ಏಪ್ರಿಲ್ 6

ಪ್ಲಗ್ ನಾನೇ ಬದಲಿಸಿದೆ. ಮೇನ್ ಆಫ್ ಮಾಡಿ, ಅರ್ಧ ಗಂಟೆ. ಚಾವಣಿ ನೀರು ಇಳಿಯುವ ಪೈಪಿಗೆ ಉದ್ದದ ತುಂಡು ಸೇರಿಸಿದ್ದಾಯಿತು. ಎಕ್ಸಾಸ್ಟ್ ಕೊಳವೆ ಮತ್ತು ಬೂಷ್ಟಿನ ಕೆಲಸಕ್ಕೆ ಮಾತ್ರ ಜನರನ್ನು ಕರೆಸಿದೆ. ಹಳೇ ಟೇಪ್ ನೋಡಿ ಅವರಲ್ಲೊಬ್ಬ "ಇದ್ಯಾರು ಮಾಡಿದ್ದು?" ಅಂದ. ಮೊದಲಿದ್ದ ಮಾಲೀಕರು ಅಂದುಬಿಟ್ಟೆ.

ರೇಡಾನ್‌ಗೆ 1,400 ಡಾಲರ್. ಬೇಸ್‌ಮೆಂಟ್ ಕಾಂಕ್ರೀಟಿಗೆ ತೂತು ಕೊರೆದು ಪೈಪ್ ಇಳಿಸಿ, ಫ್ಯಾನ್ ಇಟ್ಟು ನೆಲದಡಿಯ ಗಾಳಿಯನ್ನು ಚಾವಣಿಯಾಚೆ ತಳ್ಳುತ್ತಾರೆ. ಮತ್ತೆ ಅಳೆದಾಗ 0.9. ಹಳೆಯ ಅಂಕಿಯನ್ನೂ ರಿಪೇರಿಯನ್ನೂ ಫಾರಂನಲ್ಲಿ ಬರೆದೆವು.

ಮೇ 3

ಕೊಳ್ಳುವವರ ಇನ್‌ಸ್ಪೆಕ್ಟರ್ ಬಂದ ದಿನ. ನಾವು ಮನೆಯಲ್ಲಿ ಇರಬಾರದು ಅಂದಳು ಏಜೆಂಟ್. ಬ್ರಿಜ್‌ವಾಟರ್ ದೇವಸ್ಥಾನಕ್ಕೆ ಹೋಗಿ ದೋಸೆ ತಿಂದು, ಸುಮ್ನೆ ಪಾರ್ಕಿಂಗ್‌ನಲ್ಲಿ ಕಾರೊಳಗೆ ಕೂತೆವು. ಐದು ನಿಮಿಷಕ್ಕೊಮ್ಮೆ ಫೋನ್ ನೋಡುವುದೇ ಕೆಲಸ.

ಎರಡು ದಿನಕ್ಕೆ ಪಟ್ಟಿ ಬಂತು. ಅಟ್ಟ, ರೇಡಾನ್ ಬಗ್ಗೆ ಚಕಾರ ಇಲ್ಲ. ಅವರು ಹಿಡಿದದ್ದು ಹದಿಮೂರು ವರ್ಷದ ವಾಟರ್ ಹೀಟರ್ ಮತ್ತು ಬೇಸ್‌ಮೆಂಟ್ ಮೆಟ್ಟಿಲಿನ ಅಲುಗಾಡುವ ಕೈಗಂಬಿ. ಕೈಗಂಬಿ ಬಿಗಿ ಮಾಡಿಸಿಕೊಟ್ಟೆವು. ಹೀಟರ್‌ಗೆ 800 ಡಾಲರ್ ಬಿಟ್ಟೆವು. ಅವರು 1,500 ಕೇಳಿದ್ದರು.

ಮೇ 22

ಟೌನ್‌ಶಿಪ್‌ನವರು (ಇಲ್ಲಿನ ಪುರಸಭೆ) ಹೊಗೆ ಅಲಾರಂ, ಕಾರ್ಬನ್ ಮೊನಾಕ್ಸೈಡ್ ಅಲಾರಂ ನೋಡಲು ಬಂದಿದ್ದರು. ಅವರು ಕೊಡುವ ಸರ್ಟಿಫಿಕೇಟ್ ಇಲ್ಲದೆ ಮಾರಾಟ ಮುಗಿಯುವುದಿಲ್ಲ. ಬೆಂಕಿ ಆರಿಸುವ ಸಿಲಿಂಡರ್ ಅಡುಗೆಮನೆಯಿಂದ 10 ಅಡಿಯೊಳಗೆ ಗೋಡೆಯಲ್ಲಿ ಇರಬೇಕು. ನಮ್ಮದು ಗ್ಯಾರೇಜಿನ ಶೆಲ್ಫ್ ಮೇಲಿತ್ತು. ಮಧ್ಯಾಹ್ನ ಮತ್ತೆ ಬರುತ್ತೇನೆ ಅಂದು ಹೋದರು. ಖಾಲಿ ಇದ್ದ ಜಾಗ ಒಂದೇ, ಪಂಚಾಂಗದ ಕ್ಯಾಲೆಂಡರ್ ತೂಗಿದ್ದ ಗೋಡೆ. ಕ್ಯಾಲೆಂಡರ್ ಸುತ್ತಿ ಗೊಂಬೆ ಪೆಟ್ಟಿಗೆಯೊಳಗೆ ಇಟ್ಟು ಬ್ರಾಕೆಟ್ ಹೊಡೆದೆ. ಈ ಸಲ ಟೇಪ್ ಅಲ್ಲ, ನಾಲ್ಕು ಸ್ಕ್ರೂ.