ಕುರಿ ತಿಂದರೆ ಕುರಿಯ ಡಿಎನ್‌ಎ ನಮಗೆ ಸೇರುತ್ತಾ?

ಇಲ್ಲ. ಸೇರುವುದಿಲ್ಲ. ಅವಸರದಲ್ಲಿ ಇರುವವರು ಇಲ್ಲಿಗೇ ಎದ್ದು ಹೋಗಬಹುದು.

ನಾನು ಬಯೋಕೆಮಿಸ್ಟ್ರಿ ಓದಿದವಳು, ಮೈಸೂರಿನಲ್ಲಿ ಪಾಠ ಮಾಡುತ್ತೇನೆ. ಇದೊಂದೇ ತಪ್ಪಿಗೆ ಮದುವೆ, ನಾಮಕರಣ, ಬಸ್ ಸ್ಟ್ಯಾಂಡು, ಎಲ್ಲ ಕಡೆ ಇದೇ ಪ್ರಶ್ನೆ. ಕೆಲವರದು ಫಾರಂ ಕೋಳಿ, ಕೆಲವರದು ಜೀನ್ ಬದಲಿಸಿದ ಬಿಟಿ ಬದನೆಕಾಯಿ. (ಬಿಟಿ ಬದನೆಗೆ ಸರ್ಕಾರ 2010ರಲ್ಲೇ ತಡೆ ಹಾಕಿದೆ, ಆದರೂ ಕೇಳುತ್ತಾರೆ.) ಪ್ರಶ್ನೆಗಿಂತ ಅದನ್ನು ಕೇಳುವ ರೀತಿ ಕಿರಿಕಿರಿ. "ನಿಮಗೆ ಗೊತ್ತಿರುತ್ತೆ, ಆದ್ರೆ ಹೇಳಲ್ಲ ಅಲ್ವಾ?" ಬೀಜದ ಕಂಪನಿಯವರು ನನಗೆ ತಿಂಗಳು ತಿಂಗಳು ದುಡ್ಡು ಕಳಿಸುತ್ತಾರೇನೋ ಅನ್ನುವ ಹಾಗೆ. ಕಳಿಸಿದ್ದರೆ ಸ್ಕೂಟರ್ ಸಾಲ ಯಾವಾಗಲೋ ತೀರುತ್ತಿತ್ತು.

ಹೋದ ವರ್ಷ ಮಂಡ್ಯದ ಹತ್ತಿರ ಒಂದು ಬೀಗರ ಊಟ. ಎಲೆಯ ಮೇಲೆ ಮುದ್ದೆ, ಬನ್ನೂರು ಕುರಿಯ ಸಾರು. ಎದುರು ಪಂಕ್ತಿಯಿಂದ ದೊಡ್ಡಪ್ಪ ಕೂಗಿದರು.

"ಏನವ್ವಾ, ಕುರಿ ತಿಂದ್ರೆ ಕುರಿ ಡಿಎನ್‌ಎ ನಮ್ಗೂ ಸೇರ್ಕತದಂತಲ್ಲ, ದಿಟವಾ?"

ಇಡೀ ಪಂಕ್ತಿ ಮುದ್ದೆ ನುಂಗುವುದನ್ನು ನಿಲ್ಲಿಸಿ ನನ್ನ ಕಡೆ ತಿರುಗಿತು.

"ದೊಡ್ಡಪ್ಪ, ಹತ್ತು ಜನರ ಕಬ್ಬು ಅರೆದ ಮೇಲೆ ಕೊಪ್ಪರಿಗೆಲಿ ಕುದಿಯೋ ಹಾಲಲ್ಲಿ ನಿಮ್ಮ ಗದ್ದೇದು ಯಾವ್ದು ಅಂತ ಹೇಳ್ತೀರಾ?"

"ಅದೆಂಗವ್ವಾ ಯೋಳಕ್ಕಾಯ್ತದೆ?"

ಇದೂ ಹಾಗೇ. ಹೊಟ್ಟೆ ದಾಟಿ ಸಣ್ಣ ಕರುಳಿಗೆ ಬರುತ್ತಲೇ ಡಿಎನ್‌ಎಯನ್ನು ಮೇದೋಜೀರಕದ ಕಿಣ್ವಗಳು ಕತ್ತರಿಸುತ್ತವೆ. ಕರುಳಿನ ಕಿಣ್ವಗಳು ಅದರ ಫಾಸ್ಫೇಟ್ ಬಾಲವನ್ನೂ ಕಿತ್ತುಹಾಕುತ್ತವೆ. ಉಳಿಯುವುದು ನ್ಯೂಕ್ಲಿಯೊಸೈಡ್, ಅಂದರೆ ಒಂದು ಸಕ್ಕರೆ, ಅದಕ್ಕೆ ಅಂಟಿದ ಒಂದು ಬೇಸ್ (ಡಿಎನ್‌ಎಯ ಎ, ಟಿ, ಜಿ, ಸಿ ಅನ್ನುವ ನಾಲ್ಕು ಅಕ್ಷರಗಳಲ್ಲಿ ಒಂದು). ಕುರಿಯದೂ ಅದೇ ನಾಲ್ಕು, ರಾಗಿಯದೂ ಅದೇ ನಾಲ್ಕು, ನನ್ನದೂ ಅದೇ. ಕುರಿತನ ಇದ್ದದ್ದು ಅವನ್ನು ಪೋಣಿಸಿದ ಕ್ರಮದಲ್ಲಿ. ದಾರ ಹರಿದ ಮೇಲೆ ಬರೀ ಮಣಿ. ಅಪರೂಪಕ್ಕೆ ಪೂರ್ತಿ ಮುರಿಯದ ಚೂರುಗಳು ರಕ್ತದಲ್ಲಿ ಕಂಡದ್ದುಂಟು ಅಂತ ಯಾರಾದರೂ ಕಾಮೆಂಟ್ ಹಾಕುವ ಮೊದಲು ನಾನೇ ಹೇಳಿಬಿಡುತ್ತೇನೆ. ರಕ್ತದಲ್ಲಿ ಕಾಣುವುದು ಬೇರೆ, ನಮ್ಮ ಜೀನಾಗಿ ಕೂರುವುದು ಬೇರೆ.

"ಅಂಗಾದ್ರೆ ಎದ್ರಿಕೆ ಇಲ್ಲ ಬುಡು" ಅಂದು ದೊಡ್ಡಪ್ಪ ಇನ್ನೊಂದು ಸಲ ಲಿವರ್ ಹಾಕಿಸಿಕೊಂಡರು.

ಯಾರಾದರೂ ಮುಂದಿನ ಪ್ರಶ್ನೆ ಕೇಳಲಿ ಅಂತ ನಾನು ವರ್ಷಗಳಿಂದ ಕಾಯುತ್ತಿದ್ದೇನೆ. ಸರಿ, ಆ ಮಣಿ ಜೀವಕೋಶದ ಒಳಗೆ ಹೋಗುವುದು ಹೇಗೆ? ಕೋಶದ ಪೊರೆ ಜಿಡ್ಡಿನದು. ನ್ಯೂಕ್ಲಿಯೊಸೈಡ್‌ಗೆ ನೀರು ಇಷ್ಟ, ಜಿಡ್ಡು ಆಗದು. ಸುಮ್ನೆ ನುಸುಳಲು ಬರುವುದಿಲ್ಲ. ಅದಕ್ಕೇ ಪೊರೆಯಲ್ಲಿ ಪ್ರೋಟೀನಿನ ದಾರಿಗಳಿವೆ. ನಮ್ಮ ಕಡೆಯ ಮಾತಲ್ಲಿ ಒಂದು ತೂಬು, ಇನ್ನೊಂದು ಪಂಪ್‌ಸೆಟ್.

ತೂಬಿನ ಹೆಸರು ಇಎನ್‌ಟಿ. ಕಿವಿ, ಮೂಗು, ಗಂಟಲಲ್ಲ. ಯಾವ ಕಡೆ ಜಾಸ್ತಿಯೋ ಅಲ್ಲಿಂದ ಕಮ್ಮಿ ಇರುವ ಕಡೆಗೆ ಬಿಡುತ್ತದೆ, ಒಳಗಾದರೂ ಸರಿ, ಹೊರಗಾದರೂ ಸರಿ. ಮನುಷ್ಯರಲ್ಲಿ ಇಂಥವು ನಾಲ್ಕು. ಪಂಪ್‌ಸೆಟ್ ಸಿಎನ್‌ಟಿ, ಇದರಲ್ಲಿ ಮೂರು. ಒಳಗೆ ಎಷ್ಟೇ ತುಂಬಿದ್ದರೂ ಇದು ಎಳೆದು ತರುತ್ತದೆ. ಇದಕ್ಕೆ ಕರೆಂಟು ಸೋಡಿಯಂ. ಸೋಡಿಯಂ ಕೋಶದ ಹೊರಗೆ ಜಾಸ್ತಿ, ಒಳಗೆ ಕಮ್ಮಿ. ಅದು ಒಳಗೆ ನುಗ್ಗುವಾಗ ನ್ಯೂಕ್ಲಿಯೊಸೈಡನ್ನೂ ಕೈಹಿಡಿದು ತರುತ್ತದೆ. ಒಳಗೆ ಬಂದ ತಕ್ಷಣ ಕೋಶ ಅದಕ್ಕೆ ಮತ್ತೆ ಫಾಸ್ಫೇಟ್ ಬಾಲ ಕಟ್ಟುತ್ತದೆ. ಬಾಲ ಇದ್ದರೆ ತೂಬು ದಾಟಿ ವಾಪಸ್ ಹೋಗಲಾಗದು. ನನಗಂತೂ ಇದನ್ನು ಎಷ್ಟು ಸಲ ಪಾಠ ಮಾಡಿದರೂ ಬೇಜಾರಾಗಿಲ್ಲ. ಕಾಲರಾ ಬ್ಯಾಕ್ಟೀರಿಯಾದಲ್ಲಿರುವ ಇಂಥದೇ ಸಿಎನ್‌ಟಿ ಪಂಪ್ ನೋಡಲು ಹೇಗಿದೆ ಅಂತ ತಿಳಿದದ್ದು 2012ರಲ್ಲಿ. ನಮ್ಮದೇ ನಾಲ್ಕು ತೂಬುಗಳಲ್ಲಿ ಒಂದಾದ ಇಎನ್‌ಟಿ1 ನೋಡಲು 2019ರವರೆಗೆ ಕಾಯಬೇಕಾಯಿತು.

ಮಂಡ್ಯದವರಿಗೆ ಇದು ಮನೆ ವಿಷಯ ಆಗಬೇಕಿತ್ತು. 1930ರ ದಶಕದಲ್ಲಿ ಕನ್ನಂಬಾಡಿ ನೀರು ಇರ್ವಿನ್ ನಾಲೆಯಲ್ಲಿ, ಅಂದರೆ ಈಗಿನ ವಿಶ್ವೇಶ್ವರಯ್ಯ ನಾಲೆಯಲ್ಲಿ ಬಂತು. ಹಿಂದೆಯೇ ಸೊಳ್ಳೆ, ಮಲೇರಿಯಾ. ಆ ಮಲೇರಿಯಾದ ಪರೋಪಜೀವಿಗೆ ಪ್ಯೂರಿನ್, ಅಂದರೆ ಡಿಎನ್‌ಎಯ ಎ ಮತ್ತು ಜಿ, ಮೊದಲಿನಿಂದ ಮಾಡಿಕೊಳ್ಳಲು ಬರುವುದೇ ಇಲ್ಲ. ನಮ್ಮ ಕೆಂಪು ರಕ್ತಕಣದೊಳಗೆ ಕೂತು, ತನ್ನದೇ ಒಂದು ಇಎನ್‌ಟಿ ತೂಬಿನಿಂದ ಕದಿಯುತ್ತದೆ. ನಮ್ಮ ತೂಬನ್ನು ಮುಟ್ಟದೆ ಅದರ ತೂಬನ್ನಷ್ಟೇ ಮುಚ್ಚುವ ಔಷಧಿಗಾಗಿ ಹುಡುಕಾಟ ನಡೆದಿದೆ. ಯಾರ ತೂಬು ಮುಚ್ಚಿದರೆ ಯಾರು ಉಪವಾಸ ಬೀಳುತ್ತಾರೆ? ಇಂಥದ್ದು ಕೇಳ್ರಪ್ಪಾ. ಊಟ ಬಿಟ್ಟು ಉತ್ತರ ಹೇಳುತ್ತೇನೆ.

ಬೀಗರ ಊಟವಾಗಿ ಮೂರನೇ ದಿನ ದೊಡ್ಡಪ್ಪನ ಫೋನು. ಕಾಲಿನ ಹೆಬ್ಬೆರಳು ಕೆಂಪಗೆ ಊದಿದೆ, ಚಾದರ ತಾಗಿದರೂ ಪ್ರಾಣ ಹೋಗುತ್ತದೆ. ಡಾಕ್ಟರು ಗೌಟ್ ಅಂದಿದ್ದಾರೆ. ಅಲ್ಲಿ ನಾನು ಹೇಳದೆ ಬಿಟ್ಟ ಮಾತೊಂದಿತ್ತು. ತಿಂದ ಪ್ಯೂರಿನ್‌ನಲ್ಲಿ ನಮ್ಮ ಡಿಎನ್‌ಎ ಕಟ್ಟಲು ಹೋಗುವುದು ಬಹಳ ಕಮ್ಮಿ. ಅದಕ್ಕೆ ಬೇಕಾದ ಪ್ಯೂರಿನನ್ನು ದೇಹ ಹೆಚ್ಚಾಗಿ ತಾನೇ ಮಾಡಿಕೊಳ್ಳುತ್ತದೆ. ತಿಂದದ್ದು ಬಹುಪಾಲು ಯೂರಿಕ್ ಆಸಿಡ್ ಆಗುತ್ತದೆ. ಅದು ಮೂತ್ರದಲ್ಲಿ ಸರಿಯಾಗಿ ಹೋಗದೆ ರಕ್ತದಲ್ಲಿ ಜಾಸ್ತಿಯಾದರೆ ಕೀಲಿನಲ್ಲಿ ಹರಳುಗಟ್ಟುತ್ತದೆ. ಲಿವರ್‌ನಲ್ಲಿ ಪ್ಯೂರಿನ್ ಜಾಸ್ತಿ.

"ಸೇರಕ್ಕಿಲ್ಲ ಅಂದಿದ್ದೆ" ಅಂದರು ದೊಡ್ಡಪ್ಪ. "ಎಬ್ಬೆಟ್ಟಲ್ಲೇ ಕುಂತದೆ ಕಣವ್ವಾ ಕುರಿ."